ಚಾವಡಿಯೂ ಠಾಣೆಯೂ

ಸಂಸ್ಕೃತದ ‘ಸ್ಥಾನ’ವೇ ‘ಠಾಣೆ’ಯಾಯಿತು, ದಂಡು ಇಳಿದ ನೆಲೆಯೆಂಬುದು ಅದರ ಹಳೆಯ ಅರ್ಥಗಳಲ್ಲೊಂದು. ರಾಯಚೂರು ಸೀಮೆಯಲ್ಲಿ ಈ ಅರ್ಥವು ಬಹುಕಾಲ ಬಾಳಿತು. ಕೃಷ್ಣಾ ತುಂಗಭದ್ರೆಗಳ ನಡುವಣ ಈ ನಾಡಿಗಾಗಿ ಬಹಮನಿಗಳೂ ವಿಜಯನಗರದವರೂ ಕಾದಿದರು. 1853ರಲ್ಲಿ ನಿಜಾಮನಿಂದ ಇಂಗ್ಲಿಷರ ಕೈಸೇರಿದ ಅದು 1860ರಲ್ಲಿ ಹಿಂದಿರುಗಿತು. ಲಿಂಗಸುಗೂರು ಹೈದರಾಬಾದು ಕಂಟಿಂಜೆಂಟಿನ ದಂಡುಪ್ರದೇಶವಾಗಿದ್ದು, 1905ರವರೆಗೆ ಜಿಲ್ಲೆಯ ಮುಖ್ಯಸ್ಥಳವೂ ಆಗಿದ್ದಿತು. ಇಂಥಲ್ಲಿ ಗೋಡೆಯೂ ಪಹರೆಯೂ ಕಾವಲುಮನೆಯ ಲಕ್ಷಣವಾದುದು ಸಹಜವೇ.

ಊರಿನ ಕ್ರಮವಾದರೋ ಬೇರೆ. ಚಾವಡಿಗೆ ಮುಂಗಡೆ ಗೋಡೆಯಿಲ್ಲ. ಕಂಬಗಳ ನಡುವೆ ಕುಳಿತ ಗೌಡ ಕುಲಕರ್ಣಿಯರೂ ಕೆಳಗೆ ನಿಂತ ತಳವಾರನೂ ಬೀದಿಗೆ ಕಾಣುತ್ತಿದ್ದರು. ಅಲ್ಲಿ ನಡೆದ ವಿಚಾರಣೆಗೆ ದಾರಿಹೋಕನೂ ಸಾಕ್ಷಿ. ದೂರುಕೊಡುವವನಿಗೆ ಈ ಬಯಲೇ ಒಂದು ರಕ್ಷೆ. ಆದರೆ ಜಗಲಿಯನ್ನೇರಲು ಎಲ್ಲ ಜಾತಿಯವರಿಗೂ ಎಡೆಯಿರಲಿಲ್ಲ. ಅಂಗಳದಲ್ಲಿ ನಿಂತೇ ಹೇಳಿಕೊಳ್ಳಬೇಕಾದವರು ಅನೇಕರು. ಚಾವಡಿಯನ್ನು ಹೊಗಳುವವರು ಇದನ್ನು ಸಾಮಾನ್ಯವಾಗಿ ಮರೆಯುತ್ತಾರೆ.

ಮಸ್ಕಿಯ ಬಂಡೆ ಇವೆರಡಕ್ಕಿಂತ ಹಳೆಯದು. ಗಣಿಯ ಇಂಜಿನಿಯರ್ ಸಿ. ಬೀಡನ್ 1915ರಲ್ಲಿ ಕಂಡ ಈ ಶಾಸನವು ಅಶೋಕನ ಹೆಸರನ್ನು ಹೇಳುವುದರಿಂದ ಪ್ರಸಿದ್ಧವಾಯಿತು. ಧರ್ಮದಲ್ಲಿ ನಡೆದರೆ ಅಲ್ಪನೂ ಉನ್ನತಿಯನ್ನು ಪಡೆಯಬಲ್ಲನೆಂದು ಅಲ್ಪರಿಗೂ ದೊಡ್ಡವರಿಗೂ ತಿಳಿಸಬೇಕೆಂಬ ಅದರ ಆಜ್ಞೆಗೆ ಅಷ್ಟು ಗಮನ ದೊರೆತಿಲ್ಲ.

ತುಂಗಭದ್ರೆಯ ಎಡದಂಡೆಯ ಕಾಲುವೆಯಿಂದ ಸಿಂಧನೂರಿನ ಎರೆನೆಲ ಈಗ ಹಸಿರಾಗಿದೆ. ಅಲ್ಲಿ ಠಾಣೆಯ ಅಂಗಳಕ್ಕೆ ಬೇವನ್ನೂ ಕಟ್ಟೆಯನ್ನೂ ತರಹೊರಟವರು ದಂಡಿನ ಮಾದರಿಯನ್ನು ಬಿಟ್ಟು ಚಾವಡಿಯ ಮಾದರಿಯನ್ನು ಹಿಡಿಯಬಹುದು, ಜಗಲಿಯ ಮೆಟ್ಟಿಲೊಂದನ್ನು ಮಾತ್ರ ತಿದ್ದಿಕೊಂಡು.