ಪ್ರಾಗ್ ಸೇತುವೆಯ ಸಂತ

ನೆಪೊಮುಕ್‌ನ ಸಂತ ಯೊವಾನ್ನರೆಂದರೆ ಪಾಪನಿವೇದನೆಯ ಗುಟ್ಟನ್ನು ಕಾಪಾಡಿ ಪ್ರಾಣತೆತ್ತ ಗುರುಗಳು. ರಾಣಿಯ ಪಾಪನಿವೇದನೆಯನ್ನು ಹೊರಗೆಡಹಲು ಒಪ್ಪದ ಅವರನ್ನು ರಾಜನು ಸೇತುವೆಯಿಂದ ನದಿಗೆ ಎಸೆಸಿದನೆಂಬ ಕಥೆಯನ್ನು ಗುರುಮಠದಲ್ಲಿ ಕೇಳಿ, ಮುಂದೆ ಪ್ರಬೋಧನೆಗಳಲ್ಲಿ ನಾವೂ ಎಷ್ಟೋ ಸಾರಿ ಹೇಳಿದ್ದೇವೆ. ಆ ಸೇತುವೆಯ ಚರಿತ್ರೆಯನ್ನು ಓದಿದ ಮೇಲೆ ನಮಗೆ ಸ್ವಲ್ಪ ನಾಚಿಕೆಯೇ ಆಯಿತು.

ಚೆಕ್ ದೇಶದ ಪ್ರಾಗ್ ನಗರದಲ್ಲಿ ವಲ್ತಾವಾ ನದಿಗೆ ಅಡ್ಡಲಾಗಿ ನಿಂತಿರುವ ಕಲ್ಲಿನ ಕಮಾನು ಸೇತುವೆ ಅದು. ಮೊದಲಿದ್ದ ಸೇತುವೆಯನ್ನು 1342ರ ಪ್ರವಾಹ ಹಾಳುಗೆಡವಿತು. 1357ರಲ್ಲಿ ನಾಲ್ಕನೆಯ ಚಾರ್ಲ್ಸ್ ಚಕ್ರವರ್ತಿ ಹೊಸದಕ್ಕೆ ಅಸ್ತಿಭಾರ ಹಾಕಿದನು. ಮರಳುಗಲ್ಲಿನ 16 ಕಮಾನುಗಳು, 516 ಮೀಟರ್ ಉದ್ದ. ಕೆಲಸ ಮುಗಿಯುವಾಗ ಹದಿನೈದನೆಯ ಶತಮಾನ ಕಾಲಿಟ್ಟಿತ್ತು. ಕಮಾನಿನಲ್ಲಿ ಕಲ್ಲು ಕಲ್ಲನ್ನು ಒತ್ತಿ ಹಿಡಿಯುತ್ತದೆ, ಭಾರವೆಲ್ಲ ಕಂಬಗಳ ಮೂಲಕ ನದಿಯ ತಳಕ್ಕಿಳಿಯುತ್ತದೆ. ಕಂಬ ಕದಲಿತೋ, ಕಮಾನಿಗೆ ಉಳಿಗಾಲವಿಲ್ಲ. 1841ರವರೆಗೆ ಆ ನಗರದಲ್ಲಿ ನದಿ ದಾಟಲು ಬೇರೆ ಸೇತುವೆಯೇ ಇರಲಿಲ್ಲ.

ಕಟ್ಟಿಸಿದವನ ಮಗ, ರಾಜ ನಾಲ್ಕನೆಯ ವೆನ್ಸೆಸ್ಲಾಸ್, 1393ರ ಮಾರ್ಚ್ 20ರ ರಾತ್ರಿ ಪ್ರಾಗ್ ಮಹಾಧರ್ಮಾಧ್ಯಕ್ಷರ ಶ್ರೇಷ್ಠಗುರುವಾಗಿದ್ದ ಯೊವಾನ್ನರನ್ನು ಚಿತ್ರಹಿಂಸೆಯ ನಂತರ ಇಲ್ಲಿಂದಲೇ ನೀರಿಗೆ ಎಸೆಸಿದನು. ಇದು ನಿಜ. ಆದರೆ ಮಹಾಧರ್ಮಾಧ್ಯಕ್ಷರು ಅದೇ ವರ್ಷ ಜಗದ್ಗುರುಗಳಿಗೆ ಒಪ್ಪಿಸಿದ ದೂರಿನಲ್ಲಿ ರಾಣಿಯ ಮಾತೇ ಇಲ್ಲ! ಅಲ್ಲಿರುವುದು ಕ್ಲಾದ್ರುಬಿ ಎಂಬ ಮಠದ ತಕರಾರು. ಅದರ ಮಠಾಧಿಪತಿ ತೀರಿಕೊಂಡ ಮೇಲೆ ಆ ಆಸ್ತಿಯಿಂದ ಹೊಸದೊಂದು ಧರ್ಮಕ್ಷೇತ್ರ ಮಾಡಲು ರಾಜ ಹವಣಿಸಿದ್ದನು. ಯೊವಾನ್ನರೋ, ಸನ್ಯಾಸಿಗಳು ಆರಿಸಿದ ಹೊಸ ಮಠಾಧಿಪತಿಯನ್ನೇ ದೃಢಪಡಿಸಿಬಿಟ್ಟರು. ಪಾಪನಿವೇದನೆಯ ಕಥೆ ಬರಹದಲ್ಲಿ ಕಾಣಿಸಿಕೊಳ್ಳುವುದು ಅರ್ಧ ಶತಮಾನ ಕಳೆದ ಮೇಲೆ. 1719ರಲ್ಲಿ ಸಮಾಧಿ ತೆರೆದಾಗ ಸಿಕ್ಕಿ, ಕೊಳೆಯದ ನಾಲಿಗೆಯೆಂದು ಭಕ್ತರು ಗೌರವಿಸಿದ್ದು ಮೆದುಳಿನ ಅಂಶವೆಂದು 1970ರ ದಶಕದ ಪರೀಕ್ಷೆ ತಿಳಿಸಿತು. 1729ರಲ್ಲಿ ಅವರಿಗೆ ಸಂತ ಪದವಿ ಕೊಟ್ಟ ಜಗದ್ಗುರು ಹದಿಮೂರನೆಯ ಬೆನೆಡಿಕ್ಟರಿಗೆ ಇದು ತಿಳಿದಿರಲು ಸಾಧ್ಯವಿರಲಿಲ್ಲ.

ಹಾಗಾದರೆ ಯೊವಾನ್ನರು ರಕ್ತಸಾಕ್ಷಿಯಲ್ಲವೇ? ಧರ್ಮಸಭೆಯ ಹಕ್ಕನ್ನು ರಾಜನಿಗೆ ಬಿಟ್ಟುಕೊಡದೆ, ಒಂದು ಕಾಗದಕ್ಕೆ ಮುದ್ರೆಯೊತ್ತಿ ಸತ್ತವರು ಅವರು. ದಿನವಿಡೀ ರಿಜಿಸ್ಟರು, ಪ್ರಮಾಣಪತ್ರಗಳಲ್ಲಿ ಮುಳುಗಿರುವ ನಮ್ಮಂಥವರಿಗೆ ಈ ಯೊವಾನ್ನರೇ ಹೆಚ್ಚು ಹತ್ತಿರದವರು.

ಸೇತುವೆಯ ಮೇಲೆ 1683ರಲ್ಲಿ ಅವರ ಪ್ರತಿಮೆ ನಿಂತಿತು. ಕ್ರಮೇಣ ಪ್ರತಿಮೆಗಳು 30 ಆದವು. ನಮ್ಮ ಗೋವೆಯ ಸಂತ ಫ್ರಾನ್ಸಿಸ್ ಝೇವಿಯರರೂ 1711ರಲ್ಲಿ ಅಲ್ಲಿಗೆ ಬಂದರು. 1890ರ ಪ್ರವಾಹದಲ್ಲಿ ತೇಲಿಬಂದ ಮರದ ದಿಮ್ಮಿಗಳು ಕಮಾನುಗಳಿಗೆ ಸಿಕ್ಕಿಕೊಂಡು ಮೂರು ಕಮಾನು ಕುಸಿದವು. ಝೇವಿಯರರ ಪ್ರತಿಮೆಯೂ ನೀರುಪಾಲಾಯಿತು. ಈಗಿರುವುದು 1913ರ ನಕಲು. ಯೊವಾನ್ನರ ಕಂಚಿನ ಪ್ರತಿಮೆ ಮಾತ್ರ ಅಲುಗಲಿಲ್ಲ. ಅವರನ್ನು ನದಿಗೆಸೆಯುವ ದೃಶ್ಯದ ಫಲಕ ಅದರ ಬುಡದಲ್ಲಿದೆ. ಮುಟ್ಟಿದರೆ ಅದೃಷ್ಟ ಎಂದು ಪ್ರವಾಸಿಗರು ಕೈಯಿಟ್ಟೂ ಇಟ್ಟೂ ಅಲ್ಲಿನ ಕಂಚು ಚಿನ್ನದಂತೆ ಹೊಳೆಯುತ್ತದೆ. ಅವರಲ್ಲಿ ಕ್ಲಾದ್ರುಬಿಯ ಹೆಸರು ಕೇಳಿದವರು ಎಷ್ಟು ಮಂದಿಯೋ!