ವೈದ್ಯಕೀಯ ಗಾಂಜಾ (ಭಾರತ)

ದೀರ್ಘಕಾಲದ ನೋವು, ಕೀಮೊಥೆರಪಿಯಿಂದ ಬರುವ ವಾಕರಿಕೆ ಮೊದಲಾದವುಗಳ ಶಮನಕ್ಕೆ ಬಳಸುವ ಗಾಂಜಾ ಗಿಡದ ಔಷಧ. ಮುಖ್ಯ ಸತ್ತ್ವಗಳು ಟಿಎಚ್‌ಸಿ, ಸಿಬಿಡಿ; ಅಮಲೇರಿಸುವುದು ಮೊದಲನೆಯದು. ಆಯುರ್ವೇದದಲ್ಲಿ ಈ ಗಿಡದ ಹೆಸರು ವಿಜಯಾ. ಕಲ್ಕತ್ತೆಯಲ್ಲಿದ್ದ ಐರಿಷ್ ವೈದ್ಯ ಒಶಾನೆಸಿ ಸಂಧಿವಾತದ ರೋಗಿಗಳಿಗೂ ಇದನ್ನು ಕೊಟ್ಟು ನೋಡಿ 1839ರಲ್ಲಿ ಬರೆದ ವರದಿ ಪಾಶ್ಚಾತ್ಯ ವೈದ್ಯರ ಗಮನ ಸೆಳೆಯಿತು. 1985ರ ಎನ್‌ಡಿಪಿಎಸ್ (ಮಾದಕ ವಸ್ತು) ಕಾಯ್ದೆಯ ನಿರ್ಬಂಧ ಚರಸ್ ಮತ್ತು ಹೂತೆನೆಗೆ ಅನ್ವಯಿಸುತ್ತದೆ. ತೆನೆಯಿಂದ ಬೇರ್ಪಟ್ಟ ಎಲೆ, ಬೀಜಗಳು ವ್ಯಾಖ್ಯೆಯ ಹೊರಗಿವೆ. ಹೀಗಾಗಿ ನೋವಿನ ರೋಗಿಗೆ ಉಳಿದಿರುವ ಮುಖ್ಯ ದಾರಿ, ಇಕ್ಕಟ್ಟಿನದಾದರೂ, ಎಲೆಯಿಂದ ತಯಾರಿಸಿದ ಆಯುರ್ವೇದ ಔಷಧ. ಇಂಥ ಔಷಧದ ಲೇಬಲ್ಲಿನ ಮೇಲೆ ವೈದ್ಯರ ಮೇಲ್ವಿಚಾರಣೆಯಲ್ಲಿ ಸೇವಿಸಬೇಕೆಂಬ ಎಚ್ಚರಿಕೆ ಇಂಗ್ಲಿಷ್, ಹಿಂದಿ ಎರಡರಲ್ಲೂ ಕಡ್ಡಾಯ. ನರಸಂಬಂಧಿ ನೋವಿನಲ್ಲಿ ಕಂಡುಬಂದಿರುವ ಉಪಶಮನ ಸಾಧಾರಣ; ತಲೆಸುತ್ತು, ಮಂಪರು ಸಾಮಾನ್ಯ ಅಡ್ಡಪರಿಣಾಮಗಳು.