ಧೈರ್ಯವಾಗಿದ್ದರೆ ಸ್ತನ ಕ್ಯಾನ್ಸರ್ ಮತ್ತೆ ಬರುವುದಿಲ್ಲವೇ?

ಸ್ತನ ಕ್ಯಾನ್ಸರ್‌ಗೆ ಚಿಕಿತ್ಸೆ ಮುಗಿಸಿ ಮನೆಗೆ ಬಂದ ಮಹಿಳೆಯ ಮೊಬೈಲಿಗೆ ಹೂವಿನ ಚಿತ್ರದ ಜೊತೆ ಒಂದು ಸಂದೇಶ ಬರುತ್ತದೆ: ಧೈರ್ಯವೇ ನಿಜವಾದ ಮದ್ದು, ಸದಾ ನಗುನಗುತ್ತಾ ಇರುವವರ ಹತ್ತಿರ ಕ್ಯಾನ್ಸರ್ ಮತ್ತೆ ಸುಳಿಯುವುದಿಲ್ಲ. ಕಳುಹಿಸಿದವರು ಅತ್ತಿಗೆಯೋ, ಸಂಘದಲ್ಲಿ ಜೊತೆಗಿರುವ ಅಕ್ಕನೋ ಆಗಿರಬಹುದು. ಪುತ್ತೂರು, ಸುಳ್ಯ, ಕಡಬದ ಕುಟುಂಬದ ಗ್ರೂಪುಗಳಲ್ಲೂ ಇಂಥವು ಓಡಾಡುತ್ತವೆ. ಪ್ರೀತಿಯಿಂದ ಕಳುಹಿಸಿದ್ದು ಎಂಬುದರಲ್ಲಿ ನಮಗೆ ಅನುಮಾನವಿಲ್ಲ. ಆದರೆ ಇದು ನಿಜವೇ?

ಈ ನಂಬಿಕೆಗೆ ಒಂದು ಕಾಲದಲ್ಲಿ ವಿಜ್ಞಾನದ ಬಲವೂ ಸಿಕ್ಕಿತ್ತು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮನೋವೈದ್ಯ ಡೇವಿಡ್ ಸ್ಪೀಗೆಲ್ 1989ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಸ್ತನ ಕ್ಯಾನ್ಸರ್ ದೇಹದ ಬೇರೆ ಭಾಗಗಳಿಗೂ ಹರಡಿದ್ದ 86 ಮಹಿಳೆಯರಲ್ಲಿ, ವಾರಕ್ಕೊಮ್ಮೆ ಒಟ್ಟು ಸೇರಿ ಮನಬಿಚ್ಚಿ ಮಾತಾಡಿಕೊಂಡವರು ಉಳಿದವರಿಗಿಂತ ಹೆಚ್ಚು ಕಾಲ ಬದುಕಿದ್ದರು. ಸುದ್ದಿ ಜಗತ್ತೆಲ್ಲ ಹಬ್ಬಿತು. ಇನ್ನೂ ದೊಡ್ಡ ಸಂಖ್ಯೆಯಲ್ಲಿ ಪರೀಕ್ಷಿಸಿದಾಗ ಮಾತ್ರ ಚಿತ್ರ ಬದಲಾಯಿತು. ಕೆನಡಾದಲ್ಲಿ 235 ಮಹಿಳೆಯರ ಮೇಲೆ ನಡೆದ ಅಧ್ಯಯನ 2001ರಲ್ಲಿ ಹೊರಬಂತು. ಗುಂಪಿನಲ್ಲಿದ್ದವರಿಗೂ ಇಲ್ಲದವರಿಗೂ ಆಯುಷ್ಯದಲ್ಲಿ ವ್ಯತ್ಯಾಸ ಕಾಣಲಿಲ್ಲ. ಸ್ಪೀಗೆಲ್ ತಾವೇ 125 ಮಹಿಳೆಯರೊಂದಿಗೆ ಮತ್ತೆ ಪರೀಕ್ಷಿಸಿದರು. 2007ರಲ್ಲಿ ಬಂದ ಆ ಫಲಿತಾಂಶದಲ್ಲೂ ಒಟ್ಟಾರೆ ಆಯುಷ್ಯ ಹೆಚ್ಚಿರಲಿಲ್ಲ. ತಮ್ಮದೇ ಹಳೆಯ ಫಲಿತಾಂಶವನ್ನು ಹೀಗೆ ಮತ್ತೆ ಒರೆಗೆ ಹಚ್ಚುವವರು ಎಷ್ಟು ಮಂದಿ ಇದ್ದಾರೆ ಹೇಳಿ!

ಅಂದರೆ ಧೈರ್ಯದಿಂದ ಗಡ್ಡೆ ಕರಗುವುದಿಲ್ಲ, ಅತ್ತರೆ ಗಡ್ಡೆ ಬೆಳೆಯುವುದೂ ಇಲ್ಲ. ಈ ಎರಡನೆಯ ಮಾತನ್ನು ಫಾರ್ವರ್ಡ್ ಮಾಡುವವರು ಕಡಿಮೆ, ಗುಣಮುಖರಾದವರಿಗೆ ಹೆಚ್ಚು ಬೇಕಾಗಿರುವುದು ಅದೇ. ಮರು ತಪಾಸಣೆಯ ದಿನ ಹತ್ತಿರ ಬಂದಂತೆ ನಿದ್ದೆ ಬಾರದಿರುವುದು, ಕನ್ನಡಿಯ ಮುಂದೆ ನಿಂತಾಗ ಅಳು ಬರುವುದು, ಸಣ್ಣ ಬೆನ್ನುನೋವಿಗೂ ಎದೆ ಧಸಕ್ಕೆನ್ನುವುದು, ಇವೆಲ್ಲ ಬಹಳ ಮಂದಿಗೆ ಆಗುತ್ತವೆ. ಇವುಗಳಿಂದ ಕಾಯಿಲೆ ಮರಳಿ ಬರುವುದಿಲ್ಲ. "ಯಾವಾಗಲೂ ನಗುತ್ತಿರು" ಎಂದು ಒತ್ತಾಯಿಸಿದರೆ, ನಾಳೆ ಕ್ಯಾನ್ಸರ್ ಮರುಕಳಿಸಿದಾಗ ಆಕೆ ತನ್ನನ್ನೇ ದೂರಿಕೊಳ್ಳುತ್ತಾಳೆ. ತಾನು ಸಾಕಷ್ಟು ಧೈರ್ಯ ಮಾಡಲಿಲ್ಲ ಎಂದು.

ಹಾಗಾದರೆ ಜೊತೆಗೂಡಿ ಮಾತಾಡುವುದು ವ್ಯರ್ಥವೇ? ಅಲ್ಲವೇ ಅಲ್ಲ. ಕೆನಡಾದ ಅಧ್ಯಯನದಲ್ಲೇ ಗುಂಪಿಗೆ ಸೇರಿದವರ ಮನಸ್ಸಿನ ಸಂಕಟವೂ ನೋವಿನ ಅನುಭವವೂ ಕಡಿಮೆಯಾಗಿದ್ದವು. ಮೊದಲೇ ಹೆಚ್ಚು ಕುಗ್ಗಿದ್ದವರಿಗಂತೂ ಹೆಚ್ಚಿನ ಲಾಭವಾಗಿತ್ತು. ನಮ್ಮ ಕಡೆ ದೊಡ್ಡ ಕ್ಯಾನ್ಸರ್ ಚಿಕಿತ್ಸೆಗೆ ಸಾಮಾನ್ಯವಾಗಿ ಮಂಗಳೂರಿಗೇ ಹೋಗಬೇಕು. ಪುತ್ತೂರಿನಿಂದಲೇ 50 ಕಿ.ಮೀ., ಸುಳ್ಯ, ಕಡಬದಿಂದ ಇನ್ನೂ ದೂರ. ಕೀಮೋ ವಾರ್ಡಿನಲ್ಲಿ ಪಕ್ಕದ ಮಂಚದಲ್ಲಿದ್ದವರ ಫೋನ್ ನಂಬರ್ ಇಟ್ಟುಕೊಂಡರೂ ಅದೊಂದು ಗುಂಪೇ. ಓದುವ ಅಭ್ಯಾಸವಿದ್ದವರಿಗೆ ಬಿ.ವಿ. ಭಾರತಿ ಅವರ 'ಸಾಸಿವೆ ತಂದವಳು' ಇದೆ. ತಮಗೆ ಬಂದ ಸ್ತನ ಕ್ಯಾನ್ಸರಿನ ಅನುಭವವನ್ನು ಅವರು ಕನ್ನಡದಲ್ಲೇ ಬರೆದಿದ್ದಾರೆ.

ಕಾಯಿಲೆ ಮರಳದಂತೆ ನಿಜವಾಗಿ ತಡೆಯುವ ಕೆಲಸ ಬೇರೆ ಕಡೆ ನಡೆಯುತ್ತದೆ. ಹಾರ್ಮೋನಿಗೆ ಸ್ಪಂದಿಸುವ ಬಗೆಯ ಸ್ತನ ಕ್ಯಾನ್ಸರ್ ಆಗಿದ್ದರೆ ಟ್ಯಾಮಾಕ್ಸಿಫೆನ್‌ನಂಥ ಮಾತ್ರೆಯನ್ನು 5 ವರ್ಷ, ಕೆಲವರಿಗೆ 10 ವರ್ಷದವರೆಗೂ ಕೊಡುತ್ತಾರೆ. 5 ವರ್ಷ ಸರಿಯಾಗಿ ತೆಗೆದುಕೊಂಡರೆ ಮರುಕಳಿಸುವ ಸಾಧ್ಯತೆ ಮೂರನೇ ಒಂದು ಭಾಗಕ್ಕಿಂತಲೂ ಹೆಚ್ಚು ತಗ್ಗುತ್ತದೆ. "ಈಗ ಹುಷಾರಾಗಿದ್ದೇನಲ್ಲ" ಎಂದೋ, ಲಕ್ಷ್ಮಣ ಫಲದ ಕಷಾಯ ಕೀಮೋಗಿಂತ 10,000 ಪಟ್ಟು ಬಲ ಎಂಬ ಹಳೇ ಸುಳ್ಳು ಸಂದೇಶ ನಂಬಿಯೋ ಆ ಮಾತ್ರೆ ನಿಲ್ಲಿಸುವುದು ಅಪಾಯ. ಮೈ ಬಿಸಿಯಾಗಿ ಬೆವರುವುದು, ಗಂಟುನೋವು ತಡೆಯಲಾಗದಿದ್ದರೆ ವೈದ್ಯರಿಗೆ ಹೇಳಿ, ಮದ್ದು ಬದಲಿಸುವ ದಾರಿ ಇರುತ್ತದೆ.

ಇನ್ನೊಂದು ಹೆದರಿಕೆ ಕೈಯದ್ದು. ಕಂಕುಳಿನ ಗ್ರಂಥಿಗಳನ್ನು ತೆಗೆದವರಿಗೆ ಆ ಬದಿಯ ಕೈ ಬಾತುಕೊಳ್ಳುವುದುಂಟು. ಅದಕ್ಕಾಗಿ ಜೀವನಪೂರ್ತಿ ಭಾರ ಎತ್ತಲೇಬಾರದು ಎಂದು ಹಿಂದೆ ಹೇಳುತ್ತಿದ್ದರು. ಅಮೆರಿಕದಲ್ಲಿ ಕೈ ಬಾತಿದ್ದ 141 ಮಹಿಳೆಯರ ಮೇಲೆ ನಡೆಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತರಬೇತಿಯೊಂದಿಗೆ ನಿಧಾನವಾಗಿ ಭಾರ ಹೆಚ್ಚಿಸಿಕೊಂಡು ಹೋದವರ ಬಾವು ಹೆಚ್ಚಲಿಲ್ಲ. ಬಾವು ಕೆರಳುವುದು ಕಡಿಮೆಯೇ ಆಯಿತು. ಹಾಗೆಂದು ಮರುದಿನವೇ ಅಡಿಕೆ ಮೂಟೆಗೆ ಕೈಹಾಕಬೇಡಿ. ಫಿಸಿಯೋಥೆರಪಿಸ್ಟರನ್ನು ಕೇಳಿ, ಸ್ವಲ್ಪ ಸ್ವಲ್ಪವಾಗಿ ಶುರು ಮಾಡಿ. ಅಡಿಕೆ ಸುಲಿಯುವಾಗ, ಹುಲ್ಲು ಕೊಯ್ಯುವಾಗ ಆ ಕೈಗೆ ಗಾಯವಾಗದಂತೆ ಗ್ಲೌಸ್ ಹಾಕಿಕೊಳ್ಳಿ. ಕೈ ಕೆಂಪಾಗಿ ಜ್ವರ ಬಂದರೆ ಅದೇ ದಿನ ವೈದ್ಯರಿಗೆ ತೋರಿಸಿ.

ದುಃಖ ವಾರಗಟ್ಟಲೆ ಇಳಿಯದೆ, ಊಟ ನಿದ್ದೆ ಬೇಡವೆನಿಸಿದರೆ ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.